ಕಾಗೆ ಕಂಡ ಹಬ್ಬದೂಟ

ಕೊರೊನಾ ಕಾಲದಲ್ಲಿ ಧಾರಾವಾಹಿಯೊಂದರ ದೀಪಾವಳಿ ಸಂಚಿಕೆಯ ಚಿತ್ರೀಕರಣವನ್ನು ಕಾಗೆಯೊಂದು ಕಿಟಕಿಯಿಂದ ನೋಡಿತು. ಹತ್ತಿರ ಕೂರುವಂತಿಲ್ಲವೆಂದು ನಟರು ಒಬ್ಬೊಬ್ಬರಾಗಿ ಬಂದು, ಕ್ಯಾಮೆರಾದೆದುರು ಉಂಡು, ಮಾಸ್ಕ್ ಹಾಕಿಕೊಂಡು ಹೋದರು.

“ಒಂಟಿಯಾಗಿ ಉಂಡರೆ ಅದೂ ಹಬ್ಬವೇ?” ಎಂದು ಕಾಗೆ, ಆ ಧಾರಾವಾಹಿಯನ್ನು ತಪ್ಪದೆ ನೋಡುವ ಪದ್ಮಾವತಮ್ಮನ ಮನೆಯ ಜೇಡನೆದುರು ನಕ್ಕಿತು.

“ಎಳೆಯೊಂದನ್ನೇ ನೋಡಿ ಬಲೆಯನ್ನು ಆಡಿಕೊಳ್ಳಬೇಡ,” ಎಂದಿತು ಜೇಡ.

ಹಬ್ಬದ ಸಂಜೆ ಕಾಗೆ, ಜೇಡ ಎರಡೂ ಆ ಮನೆಯ ಕಿಟಕಿಯಲ್ಲಿ ಕುಳಿತು ಟಿವಿ ನೋಡಿದವು. ಬೇರೆ ಬೇರೆಯಾಗಿ ತೆಗೆದ ದೃಶ್ಯಗಳನ್ನು ಜೋಡಿಸಿದ್ದರಿಂದ, ಅದೇ ನಟರು ಒಂದೇ ಪಂಕ್ತಿಯಲ್ಲಿ ನಗುತ್ತ ಉಣ್ಣುತ್ತಿದ್ದರು. ಪದ್ಮಾವತಮ್ಮ ಮೈಮರೆತು, “ಇನ್ನೊಂದು ಹೋಳಿಗೆ ಹಾಕಿಸ್ಕೊಳ್ಳೇ, ಮಗಳೇ!” ಎಂದು ಟಿವಿಯ ಸೊಸೆಗೆ ಉಪಚಾರ ಹೇಳಿದರು.

ಕಾಗೆ ಬೆರಗಾಯಿತು. “ಜೇಡಣ್ಣ, ಅನ್ನ ಕಂಡರೆ ನಾನು ಗಂಟಲು ಹರಿಯುವಂತೆ ಕೂಗಿ ನನ್ನವರನ್ನು ಕರೆಯುತ್ತೇನೆ. ಇವರು ಬೇರೆ ಬೇರೆ ಉಂಡು, ಊರನ್ನೇ ಒಂದು ಪಂಕ್ತಿಗೆ ಕೂರಿಸಿಬಿಟ್ಟರಲ್ಲ!”