ಹಾಲಪ್ಪನವರ ಬೈಕಿನ ಎಣ್ಣೆ

ಪುರಸಭೆಯ ಆರೋಗ್ಯ ನಿರೀಕ್ಷಕ ಹಾಲಪ್ಪನವರೆಂದರೆ ಊರಿನ ಬಜ್ಜಿ ಅಂಗಡಿಗಳಿಗೆಲ್ಲ ನಡುಕ. ಒಮ್ಮೆ ಕಾಯಿಸಿದ ಎಣ್ಣೆಯನ್ನೇ ಮತ್ತೆ ಕಾಯಿಸಿದ್ದು ಕಂಡರೆ ಬಾಣಲೆ ಸಮೇತ ಚೆಲ್ಲಿಸುತ್ತಿದ್ದರು. ಒಂದು ದಿನ ಅವರು ಬೈಕು ತಳ್ಳಿಕೊಂಡು ಗ್ಯಾರೇಜಿಗೆ ಬಂದರು.

"ಗೇರು ಬೀಳ್ತಿಲ್ಲ, ಸರಿಮಾಡು. ಆಯಿಲ್ ಬದಲಿಸೋ ನೆಪ ಹೇಳಿದರೆ ಗ್ಯಾರೇಜೇ ಮುಚ್ಚಿಸ್ತೀನಿ!"

ಮೆಕ್ಯಾನಿಕ್ ದಸ್ತಗೀರ ಬೈಕಿನ ಪಕ್ಕ ಕುಳಿತ. ಎಂಜಿನ್ನಿಗೂ ಗೇರಿಗೂ ಒಂದೇ ಆಯಿಲ್; ಅದು ಕೆಟ್ಟರೆ ಗೇರೂ ಬೀಳದು. ಅದನ್ನು ಹಳೇ ಬಾಣಲೆಗೆ ಇಳಿಸಿ ವಿನಯದಿಂದ ಮುಂದೆ ಹಿಡಿದ.

"ಸಾಹೇಬ್ರೇ, ಈ ಎಣ್ಣೆ ನಡೆಯುತ್ತಾ?"

ಪೇಪರ್ ಓದುತ್ತಿದ್ದ ಹಾಲಪ್ಪನವರು ರೂಢಿಯಂತೆ ಮೂಗು ಮುಚ್ಚಿಕೊಂಡರು. "ಥೂ! ಎಷ್ಟು ಸಲ ಕಾಯಿಸಿದಾನೋ! ಈಗಲೇ ಚೆಲ್ಲು. ಯಾರ ಅಂಗಡಿದು?"

"ನಿಮ್ಮ ಬೈಕಿಂದೇ. ಎರಡು ವರ್ಷದಿಂದ ದಿನಾ ಕಾಯ್ತಿದೆ."

ಹಾಲಪ್ಪನವರು ಎದುರಿಗೆ ಬಜ್ಜಿ ಕರಿಯುತ್ತಿದ್ದ ತಾಯಮ್ಮನತ್ತ ಕಳ್ಳನೋಟ ಬೀರಿ ದನಿ ತಗ್ಗಿಸಿದರು.

"ಹೊಸದು ಹಾಕಪ್ಪ. ಎಷ್ಟಕ್ಕೊಮ್ಮೆ ಬದಲಿಸಬೇಕು?"

"ಮೂರು ಸಾವಿರ ಕಿಲೋಮೀಟರಿಗೊಮ್ಮೆ, ಸಾಹೇಬ್ರೇ!"

"ಮೆಲ್ಲಗೆ ಹೇಳೋ ಮಾರಾಯ, ಆಯಮ್ಮ ಕೇಳಿಸಿಕೊಂಡಾಳು!"