ಎಟುಕದ ಕರಡಿ

ಸ್ಕೂಲಿನ ಎದುರಿಗೇ ಪುಟ್ಟಲಿಂಗಮ್ಮನ ಅಂಗಡಿ. ಇನ್ನೇನು ಊಟದ ಬೆಲ್ಲು ಹೊಡೆಯಬೇಕು, ಅಷ್ಟರಲ್ಲಿ ಬಿಸ್ಕತ್ತು ಕಂಪನಿಯ ಏಜೆಂಟ್ ಸುದರ್ಶನ ಕಾರಿನಿಂದಿಳಿದ. ಕೈಯಲ್ಲಿ ಬಣ್ಣಬಣ್ಣದ ಪೊಟ್ಟಣಗಳ ಸರ. ಒಂದೊಂದರ ಮೇಲೂ ನಗುವ ಕರಡಿಮರಿ. ಒಳಗಿದ್ದದ್ದು ಮಾತ್ರ ಕ್ರಾಟಮ್ ಎಂಬ ಎಲೆಯ ಸಾರ ಬೆರೆಸಿದ, ಅಮಲೇರಿಸುವ ಮಿಠಾಯಿ.

"ಪೆಪ್ಪರ್‌ಮಿಂಟ್ ಡಬ್ಬದ ಪಕ್ಕ, ಕೆಳಗೇ ನೇತುಹಾಕಮ್ಮ. ಕರಡಿ ನೋಡಿದ್ರೆ ಮಕ್ಕಳು ಬಿಡಲ್ಲ. ಆಗಲ್ಲ ಅಂದ್ರೆ ನಾಳೆಯಿಂದ ನಮ್ಮ ಬಿಸ್ಕತ್ತೂ ಬರಲ್ಲ," ಎಂದು ಗದರಿದ.

ಪುಟ್ಟಲಿಂಗಮ್ಮ ಸರವನ್ನು ಕೈಗೆ ತೆಗೆದುಕೊಂಡಳು. ಬಿಸ್ಕತ್ತಿಲ್ಲದೆ ಅಂಗಡಿ ನಡೆಯುವುದು ಹೇಗೆ? ಕನ್ನಡಕ ಏರಿಸಿ ಪೊಟ್ಟಣದ ಹಿಂಬದಿ ಓದಿದಳು. ಮುಖ ಅರಳಿತು.

"ಆಗಲಿ ಸ್ವಾಮಿ, ನಿಮ್ಮ ಕಂಪನಿ ಹೇಳಿದ ಹಾಗೇ ಇಡ್ತೀನಿ."

ಏಣಿ ಹತ್ತಿ ಸರವನ್ನು ಸೂರಿನ ತೊಲೆಗೆ ಬಿಗಿದಳು. ಇಳಿದು ಏಣಿಯನ್ನು ಒಳಗಿಟ್ಟಳು.

"ಏಯ್, ಏನಮ್ಮಾ ಇದು!" ಸುದರ್ಶನ ಸರ ಕಿತ್ತುಕೊಳ್ಳಲು ಹಾರಿದ. ಎಟುಕಲಿಲ್ಲ. ಇನ್ನೊಮ್ಮೆ ಹಾರಿದ. ಬೆಲ್ಲಾಗಿ ಓಡಿಬಂದಿದ್ದ ಮಕ್ಕಳು ಚಪ್ಪಾಳೆ ತಟ್ಟಿದರು.

"ನಿಮಗೇ ಎಟುಕಲಿಲ್ಲ ಅಂದ್ಮೇಲೆ ಸರಿಯಾಗೇ ಕಟ್ಟಿದ್ದೀನಿ. 'ಮಕ್ಕಳ ಕೈಗೆ ಎಟುಕದಂತೆ ಇಡಿ' ಅಂತ ನೀವೇ ಅಚ್ಚು ಹಾಕ್ಸಿದ್ದೀರಲ್ಲ!"

"ಅದು ಕಾನೂನಿಗೋಸ್ಕರ ಹಾಕಿದ್ದು ಕಣಮ್ಮಾ!"

"ಯಾತಕ್ಕಾದ್ರೂ ಹಾಕಿರಿ, ನನಗೆ ದೊಡ್ಡ ಉಪಕಾರ ಆಯ್ತು. ನಿಮಗೆ ಇಲ್ಲ ಅನ್ನೋ ಧೈರ್ಯ ನನಗೆಲ್ಲಿತ್ತು?" ಪುಟ್ಟಲಿಂಗಮ್ಮ ನಿಜವಾಗಿಯೂ ಕೈಮುಗಿದಳು. "ಆ ಒಂದು ಸಾಲು ಬರೆದ ಪುಣ್ಯಾತ್ಮ ಯಾರೋ, ನಾನು ನಮಸ್ಕಾರ ಹೇಳಿದೆ ಅನ್ನಿ. ಸದ್ಯ, ನಿಮ್ಮ ಕಂಪನೀಲಿ ಒಬ್ಬರಾದ್ರೂ ಮಕ್ಕಳೊಂದಿಗರು ಇದ್ದಾರೆ."