ಹಿಂಬಾಗಿಲಿನ ನಕ್ಷೆ

ಗದ್ದೆಯ ಬದುವಿನಲ್ಲಿ ಬಿಲ ತೋಡಬೇಕಾದರೆ ಮುಂಗುಸಿಯ ಒಪ್ಪಿಗೆ ಬೇಕಿತ್ತು. ಬದು ಕುಸಿಯಬಾರದೆಂದು ಮುಂಗುಸಿಯನ್ನೇ ಪರಿಶೀಲಕನನ್ನಾಗಿ ನೇಮಿಸಿದ್ದರು. ಬಿಲ ತೋಡಿಕೊಡುವ ಹೆಗ್ಗಣವೇ ಎಲ್ಲರ ಪರವಾಗಿ ನಕ್ಷೆ ಒಪ್ಪಿಸುತ್ತಿತ್ತು. ಒಂದು ದಿನ ಮುಂಗುಸಿ ಹೊಸ ನಿಯಮ ಸಾರಿತು: “ಇನ್ನು ಮೇಲೆ ಬಿಲ ಬೇಕಾದವರೇ ನೇರವಾಗಿ ನಕ್ಷೆ ತರಬಹುದು.”

ಬಸುರಿ ಇಲಿಗೆ ಖುಷಿಯಾಯಿತು. “ನಿನ್ನ ನಕ್ಷೆಗಳಲ್ಲಿ ಹಿಂಬಾಗಿಲೇ ಇರುವುದಿಲ್ಲ,” ಎಂದು ಹೆಗ್ಗಣವನ್ನು ಹಂಗಿಸಿ, ಹಿಂಬಾಗಿಲು ಸಮೇತ ತಾನೇ ನಕ್ಷೆ ಬರೆಯಿತು.

“ತೋಡುವಾಗ ಇಟ್ಟೇ ಇಡುತ್ತೇನಲ್ಲ, ಆ ಮುಂಗುಸಿಗೆ ತೋರಿಸುವುದೇಕೆ?” ಎಂದು ಹೆಗ್ಗಣ ಗದರಿತು.

“ಮುಚ್ಚಿಡುವುದು ಕಳ್ಳರ ಕೆಲಸ,” ಎಂದು ಇಲಿ ನಕ್ಷೆ ಒಯ್ದಿತು.

ಮುಂಗುಸಿ ಅದನ್ನು ಬಹಳ ಹೊತ್ತು ನೋಡಿತು. “ಅಚ್ಚುಕಟ್ಟಾಗಿದೆ. ಹಿಂಬಾಗಿಲು ಮಾತ್ರ ಇಕ್ಕಟ್ಟು. ಅಗಲ ಮಾಡು, ಒಪ್ಪುತ್ತೇನೆ.”

ಇಲಿ ಅಲ್ಲೇ ತಿದ್ದಿತು. ಒಪ್ಪಿಗೆ ಸಿಕ್ಕಿತು. ಹೆಗ್ಗಣ ನಕ್ಷೆಯಲ್ಲಿದ್ದಷ್ಟೇ ಅಗಲಕ್ಕೆ ತೋಡಿಕೊಟ್ಟಿತು.

ಮರಿಗಳು ಇನ್ನೂ ಕಣ್ಣು ಬಿಟ್ಟಿರಲಿಲ್ಲ, ಮುಂಗುಸಿ ಹಿಂಬಾಗಿಲಿನಿಂದ ಒಳಗೆ ಬಂತು.

“ಇದೇನು ಸ್ವಾಮಿ, ಇಲ್ಲಿ?” ಇಲಿ ಮರಿಗಳಿಗೆ ಅಡ್ಡ ನಿಂತು ಕೇಳಿತು.

“ತಿದ್ದುಪಡಿ ಪರಿಶೀಲಿಸಲು ಬಂದೆ,” ಎಂದಿತು ಮುಂಗುಸಿ. “ಚೆನ್ನಾಗಿ ಮಾಡಿಸಿದ್ದೀಯ. ಮೈಗೆ ಎಲ್ಲೂ ತಾಗಲಿಲ್ಲ.”